ಅವರ ಪಾಲಿನ ಮಾತು

ಭಾನುವಾರ ನಗರಪಾಲಿಕೆಯ ಗಾಡಿ ಬರುತ್ತದೆ, ಕೆಟ್ಟ ಟಿ.ವಿ., ಕಂಪ್ಯೂಟರ್, ಬ್ಯಾಟರಿ ಏನಿದ್ದರೂ ತಂದುಕೊಡಿ ಎಂದು ಮೈಕಿನಲ್ಲಿ ಕೂಗಿಕೊಂಡು ಹೋದ ಮೇಲೆ, ವಿನೋಬನಗರದ ನಮ್ಮ ಮನೆಯ ಅಟ್ಟದಿಂದ ರಟ್ಟಿನ ಡಬ್ಬಗಳನ್ನು ಇಳಿಸಿದೆ. ಆರು ವರ್ಷದಿಂದ ಅವನ್ನು ಮುಟ್ಟಿರಲಿಲ್ಲ. ನಾನು ಏನನ್ನೂ ಎಸೆಯದ ಹೆಂಗಸು ಎಂದು ನಮ್ಮವರು ಬದುಕಿರುವ ತನಕ ಆಡಿಕೊಂಡರು. ಬಿಚ್ಚಿ ನೋಡಿದರೆ ಡಬ್ಬದಲ್ಲಿದ್ದದ್ದೆಲ್ಲ ಅವರದೇ.

ನಮ್ಮ ಮದುವೆಯ ವಿಡಿಯೋ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಅದನ್ನು ಹಾಕಿ ನೋಡುವ ಪೆಟ್ಟಿಗೆಯನ್ನು ಗುಜರಿಗೆ ಕೊಟ್ಟು ಎಷ್ಟೋ ವರ್ಷವಾಗಿತ್ತು. ಅದರ ಕೆಳಗೆ ನೂರಾರು ಫ್ಲಾಪಿಗಳು, ಒಂದೊಂದರ ಮೇಲೂ ಅವರ ದುಂಡನೆಯ ಅಕ್ಷರ: ಲಗ್ನಪತ್ರಿಕೆ, ಗೃಹಪ್ರವೇಶ, ಶಿವಗಣಾರಾಧನೆ. ಕೆ.ಬಿ. ಬಡಾವಣೆಯಲ್ಲಿ ಅವರು ಇಟ್ಟುಕೊಂಡಿದ್ದ ಡಿ.ಟಿ.ಪಿ. ಅಂಗಡಿಯಲ್ಲಿ ಅರ್ಧ ಊರಿನ ಮದುವೆ, ಸಾವುಗಳೆಲ್ಲ ಅಚ್ಚಿಗೆ ಹೋಗುವ ಮೊದಲು ಅವರ ಬೆರಳ ಕೆಳಗೆ ಹಾದು ಹೋಗುತ್ತಿದ್ದವು. ಸಿ.ಡಿ.ಗಳನ್ನು ಕಡರನಾಯಕನಹಳ್ಳಿಯ ನನ್ನ ತಮ್ಮ ಗದ್ದೆಯಲ್ಲಿ ಹಕ್ಕಿ ಬೆದರಿಸಲು ದಾರ ಕಟ್ಟಿ ನೇತುಹಾಕುತ್ತೇನೆಂದು ಒಯ್ದ. ಹೀಗೆ ಒಂದೊಂದಕ್ಕೂ ದಾರಿ ಸಿಕ್ಕಿತು. ಉಳಿದದ್ದು ಹಾಲಿನ ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ಕೂತಿದ್ದ ಕಂಪ್ಯೂಟರ್.

ಅದನ್ನು ಅಂಗಡಿಯಿಂದ ಮನೆಗೆ ತಂದದ್ದು ಅವರ ಗಂಟಲಿನ ಆಪರೇಷನ್ ಆದ ಮೇಲೆ. ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಮೊದಮೊದಲು ಸ್ಲೇಟು ಕೊಟ್ಟೆವು. ಬರೆಯುವಾಗ ಕೈ ನಡುಗುತ್ತಿತ್ತು, ಅಕ್ಷರ ಸೊಟ್ಟ ಬಿದ್ದರೆ ಸಿಟ್ಟು ಬಂದು ಸ್ಲೇಟನ್ನೇ ದೂಡುತ್ತಿದ್ದರು. ಕೀಲಿಮಣೆಯ ಮೇಲೆ ಮಾತ್ರ ಬೆರಳು ನಡುಗುತ್ತಿರಲಿಲ್ಲ. ಅವರು ಟೈಪ್ ಮಾಡುವುದು, ನಾನು ಬೆನ್ನ ಹಿಂದೆ ನಿಂತು ಓದಿ ಬಾಯಲ್ಲಿ ಉತ್ತರ ಹೇಳುವುದು. ಒಂಬತ್ತು ತಿಂಗಳು ನಮ್ಮ ಸಂಸಾರ ನಡೆದದ್ದು ಹೀಗೆ. ಕರೆಂಟು ಹೋದೀತೆಂಬ ಹಳೆಯ ಭಯಕ್ಕೆ ಸಾಲುಸಾಲಿಗೂ ಸೇವ್ ಮಾಡುತ್ತಿದ್ದರು, ದಿನದಿನಕ್ಕೂ ತಾರೀಖು ಹಾಕುತ್ತಿದ್ದರು. ಆ ಫೈಲಿಗೆ ‘ಮಾತು’ ಎಂದೇ ಹೆಸರಿಟ್ಟಿದ್ದರು.

ಆ ವರ್ಷದ ಆಯುಧ ಪೂಜೆಯ ದಿನ ಪ್ರತಿವರ್ಷದಂತೆ ನಾನು ಕಂಪ್ಯೂಟರಿಗೆ ಮೂರು ಬೆರಳು ವಿಭೂತಿ ಬಳಿದೆ, ಕುಂಕುಮ ಹಚ್ಚಿದೆ, ಕೀಲಿಮಣೆಯ ಮೇಲೆ ಚೆಂಡುಹೂ ಇಟ್ಟೆ. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಹಬ್ಬದಲ್ಲಿ ಮತ್ತೆ ಆರತಿ ಎತ್ತುವ ತನಕ ಮುಟ್ಟುವಂತಿಲ್ಲ. ನಮ್ಮ ಅತ್ತೆಯ ಕಾಲದಿಂದ ನಡೆದುಬಂದದ್ದು. ಮಧ್ಯಾಹ್ನ ನಾನು ಹೋಳಿಗೆ ಬೇಯಿಸುತ್ತಿದ್ದಾಗ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕಂಪ್ಯೂಟರಿನ ಕಡೆ ಕೈ ತೋರಿಸಿದರು, ಬೆರಳಾಡಿಸಿ ತೋರಿಸಿದರು. ಏನೋ ಹೇಳಬೇಕಿತ್ತು. ಕೈಯೆಲ್ಲ ಹಿಟ್ಟಾಗಿತ್ತು, ಹಂಚು ಕಾದಿತ್ತು. “ಇವತ್ತೊಂದಿನ ತಡ್ಕೊಳ್ರಿ, ನಾಳೆ ಬನ್ನಿ ಕೊಟ್ಟ ಮ್ಯಾಲೆ ಎಷ್ಟು ಬೇಕಾದ್ರೂ ಮಾತಾಡ್ರಿ” ಎಂದೆ. ಸ್ಲೇಟು ತಂದುಕೊಟ್ಟರೆ ಪಕ್ಕಕ್ಕೆ ಇಟ್ಟುಬಿಟ್ಟರು.

ಬನ್ನಿ ಹಬ್ಬದ ಬೆಳಗ್ಗೆ ಅವರಿಗೆ ಉಸಿರು ಸಿಕ್ಕಿಕೊಂಡಿತು. ನಾನು ಆಟೋ ಕರೆಯಲು ಓಡಿದೆ. ಬರುವಷ್ಟರಲ್ಲಿ ಅವರು ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿದ್ದರು. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮೂಗಿಗೆ ನಳಿಕೆ, ಕೈಗೆ ಸೂಜಿ. ಅಲ್ಲಿಂದ ಮನೆಗೆ ಬರಲಿಲ್ಲ.

ಆ ಕುರ್ಚಿಯಲ್ಲಿ ಏನಾದರೂ ಬರೆದಿಟ್ಟು ಹೋದರೇ? ಹಿಂದಿನ ದಿನ ಹೇಳಬೇಕೆಂದಿದ್ದನ್ನು ಎರಡು ಸಾಲಿನಲ್ಲಾದರೂ? ಆರು ವರ್ಷ ಇದೊಂದೇ ಪ್ರಶ್ನೆ ನನ್ನನ್ನು ಕೊರೆದಿದೆ. ಕಂಪ್ಯೂಟರ್ ಹಚ್ಚಿ ನೋಡಿದ್ದರೆ ಗೊತ್ತಾಗುತ್ತಿತ್ತು. ಹೆದರಿಕೆ. ಬರೆದಿದ್ದರೂ ಹೆದರಿಕೆ, ಬರೆದಿರದಿದ್ದರೂ ಹೆದರಿಕೆ.

ಶನಿವಾರ ಹರಿಹರದಿಂದ ನನ್ನ ನಾದಿನಿ ಬಂದಳು. ಅವರ ಒಬ್ಬಳೇ ತಂಗಿ, ಹೈಸ್ಕೂಲಿನಲ್ಲಿ ಟೀಚರು, ಇಂಥದ್ದೆಲ್ಲ ಬಲ್ಲವಳು. ಅಂಗಡಿಗೆ ಬಂದವರ ಆಧಾರ್, ಪಹಣಿ, ಪಾಸ್‌ಬುಕ್ಕಿನ ಪ್ರತಿಗಳೆಲ್ಲ ಕಂಪ್ಯೂಟರಿನೊಳಗೆ ಹಾಗೇ ಇದ್ದವು. ಡಿಲೀಟ್ ಮಾಡಿ ಗಾಡಿಗೆ ಹಾಕಿದರಾಯಿತು ಎಂದುಕೊಂಡಿದ್ದೆ. ಅಳಿಸಿದರೂ ಬಲ್ಲವರು ಹೊರತೆಗೆಯುತ್ತಾರೆ, ಹಾರ್ಡ್ ಡಿಸ್ಕ್ ಬಿಚ್ಚಿ ತೂತು ಕೊರೆಸಬೇಕು ಎಂದು ಅವಳು ವಿವರಿಸಿದಳು. ನಂಬಿ ಕಾಗದ ಕೊಟ್ಟವರಿಗೆ ದ್ರೋಹ ಮಾಡಿದರೆ ನಮ್ಮವರ ಆತ್ಮ ಸುಮ್ಮನಿದ್ದೀತೇ? ಒಪ್ಪಿದೆ.

ಕಂಪ್ಯೂಟರ್ ಮುಲುಗುತ್ತ ಹತ್ತು ನಿಮಿಷಕ್ಕೆ ಎದ್ದಿತು. ‘ಮಾತು’ ತೆರೆಯಲೇ ಎಂದು ಅವಳು ಕೇಳಿದಳು. ಈಗ ಬೇಡ, ಪೆನ್ ಡ್ರೈವಿಗೆ ಹಾಕಿಕೋ, ನಾಳೆ ನಿಮ್ಮ ಮನೆಯಲ್ಲಿ ಓದೋಣ ಎಂದೆ. ಮತ್ತೆ ನಾನೇ ನಾಳೆ ಎಂದೆ.

ಭಾನುವಾರ ಗಾಡಿಗೆ ಎಲ್ಲವನ್ನೂ ಏರಿಸಿದೆವು. ಕಂಪ್ಯೂಟರಿನ ನೆತ್ತಿಯ ಮೇಲೆ ಆ ಸಲದ ವಿಭೂತಿ ಇನ್ನೂ ಇತ್ತು. ಗಾಡಿಯವನು ಅದರ ಮೇಲೆಯೇ ಯಾರದೋ ಮಿಕ್ಸರ್ ಎಸೆದ. ನಾದಿನಿ ಮೊದಲೇ ಬಿಚ್ಚಿಟ್ಟಿದ್ದ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಹರಿಹರಕ್ಕೆ ಹೋದೆವು. ನಾದಿನಿಯ ಮನೆಯ ಹಿಂದಿನ ಲೇತ್ ಅಂಗಡಿ ತೆರೆದಿತ್ತು. ಅಲ್ಲಿಯವನು ಇದರಲ್ಲೇನಿದೆ ಎಂದು ಕೇಳಲಿಲ್ಲ, ನಾಲ್ಕು ಕಡೆ ಡ್ರಿಲ್ ಇಳಿಸಿ ಬಿಸಿಬಿಸಿಯಾಗಿ ಕೈಗಿಟ್ಟ.

ಮನೆಗೆ ಬಂದು ಅವಳ ಲ್ಯಾಪ್‌ಟಾಪಿನಲ್ಲಿ ಫೈಲು ತೆರೆದರೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆಗಳ ಕಲಸುಮೇಲೋಗರ. ಹಳೆಯ ಕಾಲದ ಕನ್ನಡ ಫಾಂಟು, ಅದು ಇಲ್ಲದ ಕಡೆ ತೆರೆದರೆ ಹೀಗೇ. ಅಂಗಡಿಯಲ್ಲಿ ಇದನ್ನು ನೂರು ಸಲ ಕಂಡಿದ್ದೆ. ಡಿ.ಟಿ.ಪಿ.ಯವರ ಹೆಂಡತಿಗೆ ಹೊಳೆಯಬೇಕಿತ್ತು. ಫಾಂಟು ಇದ್ದದ್ದು ನನ್ನ ಮಡಿಲಲ್ಲಿದ್ದ ತೂತು ಬಿದ್ದ ಡಿಸ್ಕಿನಲ್ಲಿ. ಸತ್ತವರ ಬಾಯನ್ನು ನಾನೇ ಎರಡನೇ ಸಲ ಕಟ್ಟಿದೆನಲ್ಲ ಎಂದು ಗೋಳೋ ಎಂದು ಅತ್ತುಬಿಟ್ಟೆ.

ನಾದಿನಿ ಕೆ.ಬಿ. ಬಡಾವಣೆಯ ಹಳೆಯ ಪ್ರೆಸ್ಸಿನವರೊಬ್ಬರಿಗೆ ಫೋನು ಮಾಡಿದಳು. ಅವರು ಕಳಿಸ್ರಿ ಎಂದರು. ಊಟದ ಹೊತ್ತಿಗೆ ಹೊಸ ಅಕ್ಷರಕ್ಕೆ ಬದಲಾಯಿಸಿ ಕಳಿಸಿದರು.

ಪುಟದ ತುಂಬ ಅವರ ಮಾತು. ನನ್ನದು ಒಂದೂ ಇಲ್ಲ.

“ಸಾರಿಗೆ ಉಪ್ಪು ಬಿದ್ದಿಲ್ಲ.” ಅದರ ಕೆಳಗೆ, “ಬಿದ್ದಿಲ್ಲ ಅಂದ್ರೆ ಬಿದ್ದಿಲ್ಲ.” ಮತ್ತೂ ಕೆಳಗೆ, “ನಿನ್ನ ನಾಲಿಗೆ ಸರಿ ಐತೆ, ಆಪರೇಷನ್ ಆಗಿದ್ದು ನನಗೇ.” ನಡುವೆ ನಾನೇನು ವಾದಿಸಿದ್ದೆ ಎಂದು ನಾದಿನಿಗೂ ತಿಳಿಯಿತು, ಕಣ್ಣೊರೆಸಿಕೊಂಡು ನಕ್ಕಳು. ನಾನೂ ನಕ್ಕೆ. ಅಂಥವು ಹತ್ತಾರು ಪುಟ.

ಕೊನೆಯ ಪುಟಕ್ಕೆ ಬಂದೆವು. ಬನ್ನಿ ಹಬ್ಬದ ತಾರೀಖು ಇರಲಿಲ್ಲ. ಆ ಬೆಳಗ್ಗೆ ಅವರು ಬರೀ ಕುರ್ಚಿಯಲ್ಲಿ ಕೂತಿದ್ದರು, ಅಷ್ಟೇ. ಆಯುಧ ಪೂಜೆಯ ದಿನದ್ದು ಹೇಗೂ ಇರುವಂತಿಲ್ಲ. ಎಲ್ಲಕ್ಕಿಂತ ಕಡೆಯದು ಪೂಜೆಯ ಹಿಂದಿನ ಸಂಜೆಯದು.

“ನಾಳೆ ಇದಕ್ಕೆ ಪೂಜೆ ಮಾಡಬ್ಯಾಡ. ಈಗ ಇದು ಆಯುಧ ಅಲ್ಲ, ನನ್ನ ಬಾಯಿ.”

ಅದರ ಕೆಳಗೆ ಇನ್ನೊಂದು ಸಾಲು. “ಆಯ್ತು ಬಿಡು. ಒಂದಿನ ಸುಮ್ನಿರ್ತೀನಿ.”

ಪೂಜೆ ಬೇಡವೆಂದು ಕೇಳಿಕೊಂಡೇ ಇದ್ದರು. ನಾನು ಅವರ ಬೆನ್ನ ಹಿಂದೆ ನಿಂತು ಓದಿದ್ದೇನೆ, ಏನೋ ಅಂದಿದ್ದೇನೆ, ಅದಕ್ಕೆ ಅವರು ಆಯ್ತು ಬಿಡು ಎಂದಿದ್ದಾರೆ. ಉಪ್ಪಿನ ಜಗಳ ಅಕ್ಷರಕ್ಷರ ನೆನಪಿರುವ ನನಗೆ ಇದು ಮಾತ್ರ ನೆನಪಿಲ್ಲ. ಆ ಎರಡು ಸಾಲಿನ ನಡುವೆ ನೋಡಿದೆ, ಎಲ್ಲೆಲ್ಲೂ ಇದ್ದಷ್ಟೇ ಬಿಳಿ ಜಾಗ ಅಲ್ಲೂ ಇತ್ತು.

ನಾದಿನಿ ಮೆಲ್ಲಗೆ ಕೇಳಿದಳು. “ಅತ್ತಿಗೆ, ಅಣ್ಣಗೆ ನೀವು ಏನಂದ್ರಿ?”

ನಾನು ಮಡಿಲಿನ ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟೆ. ಗೊತ್ತಿಲ್ಲ ಎಂದೆ.