ಎರಡು ಬೆರಳಿನ ಸಡಿಲ

ಡಿ. ಹಿರೇಹಾಳಿನ ಹತ್ತಿರದ ಈ ಹಳ್ಳಿಯಲ್ಲಿ ಈಗಷ್ಟೇ ಕೋಳಿ ಕೂಗಿದೆ. ಸುಂಕಪ್ಪನ ಮನೆಯ ಬಚ್ಚಲಲ್ಲಿ ಹಂಡೆಯ ನೀರು ಕುದಿಯುತ್ತಿದೆ. ಮೊನ್ನೆ ಹೆತ್ತ ಸೊಸೆಗೆ ನೀರೆರೆದು, ಚಾಪೆಯ ಮೇಲೆ ಮಲಗಿಸಿ, ಸೂಲಗಿತ್ತಿ ಓಬಕ್ಕ ಹಳೆಯ ಸೀರೆಯಿಂದ ಹೊಟ್ಟೆ ಕಟ್ಟುತ್ತಿದ್ದಾಳೆ. ಹೆತ್ತ ಹೊಟ್ಟೆ ಜೋತು ಬೀಳಬಾರದೆಂದು ಬಾಣಂತಿಗೆ ಹೀಗೆ ಕಟ್ಟುವುದು ಈ ಸೀಮೆಯ ರೂಢಿ. ಮೂರು ಸುತ್ತು ಸುತ್ತಿ, ಗಂಟು ಹಾಕುವ ಮುಂಚೆ ಅವಳು ಸೀರೆಯೊಳಗೆ ಎರಡು ಬೆರಳು ತೂರಿಸಿ ನೋಡುತ್ತಾಳೆ.

“ಇನ್ನಾ ಬಿಗೀ ಕಟ್ಟಬೇ,” ಎಂದು ಸುಂಕಪ್ಪನ ಹೆಂಡತಿ ಗದರುತ್ತಾಳೆ.

“ಎರಡು ಬೆರಳು ಹೋಗಬೇಕ್ರಿ ಯವ್ವಾ. ಅದು ಬ್ಯಾಡಂದ್ರ ನನ್ನ ಕರೀಬ್ಯಾಡ್ರಿ.” ಓಬಕ್ಕ ಗಂಟು ಹಾಕಿ ಎದ್ದೇಬಿಡುತ್ತಾಳೆ.

ನಲವತ್ತೊಂದು ವರ್ಷದ ಈ ಹೆಂಗಸು ಹದಿನಾರು ವರ್ಷಗಳಲ್ಲಿ ಹೆರಿಗೆ ಮಾಡಿಸಿ ಎತ್ತಿದ ಕೂಸುಗಳು ಮುನ್ನೂರ ಅರವತ್ತೊಂದು. ಓದು ಬಾರದು, ಒಂದೊಂದು ಕೂಸಿಗೆ ಒಂದೊಂದು ಹುಣಸೆಬೀಜ ಗಡಿಗೆಗೆ ಹಾಕುತ್ತಾಳೆ. ಯುದ್ಧದ ದಿನಗಳು, ಸೀಮೆಎಣ್ಣೆಗೆ ಕಂಟ್ರೋಲು. ಎಷ್ಟೋ ಹೆರಿಗೆ ಹರಳೆಣ್ಣೆ ದೀಪದಲ್ಲೇ ಆಗಿವೆ. ಆದರೂ ತೊಟ್ಟಿಲಿಗೆ ಹಾಕುವ ದಿನ ಅವಳನ್ನು ಕರೆಯುವವರಿಲ್ಲ. ಅವಳ ಪಾಲಿನ ಅಕ್ಕಿ, ಎಲೆ ಅಡಿಕೆ ಮೊರದಲ್ಲಿ ಹೊಸ್ತಿಲಾಚೆ ಬರುತ್ತವೆ.

ಕಾರಣ ಅವಳ ನಡುವಿನಲ್ಲಿದೆ. ಸೀರೆಯ ಕೆಳಗೆ, ಬಲಮಗ್ಗುಲಿಗೆ, ಅಂಚಿಗೆ ಮೆತ್ತನೆ ಬಟ್ಟೆ ಹೊಲಿದ ಚಿಕ್ಕ ಸೋರೆಬುರುಡೆಯೊಂದನ್ನು ಅವಳು ಕಟ್ಟಿಕೊಂಡಿದ್ದಾಳೆ. ಹದಿನೇಳರ ವಯಸ್ಸಿನಲ್ಲಿ ಕರುಳಿಗೆ ಹುಣ್ಣಾಗಿ ರಕ್ತಭೇದಿ ಹತ್ತಿತು. ಮೂರು ವರ್ಷ ಔಷಧ, ಹರಕೆ, ಪಥ್ಯ ಎಲ್ಲ ಆಯಿತು. ಕೊನೆಗೆ ಮಿಷನ್ ಆಸ್ಪತ್ರೆಯೊಂದರ ಡಾಕ್ಟರಮ್ಮ ಕೆಟ್ಟ ಕರುಳು ಕತ್ತರಿಸಿ, ಒಳ್ಳೆಯದರ ತುದಿಯನ್ನು ಹೊಟ್ಟೆಯ ಮೇಲಕ್ಕೆ ತಂದು ಹೊಲಿದರು. ಅಂದಿನಿಂದ ಮಲ ಹೊರಬರುವುದು ಆ ಬಾಯಿಂದಲೇ. ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಎಂಟು ತಿಂಗಳು ಕಳೆದು ಮನೆಗೆ ಬಂದರೆ, ಗಂಡ ಉಜ್ಜಿನಪ್ಪ ತಿಪ್ಪಕ್ಕನನ್ನು ಎರಡನೆಯವಳಾಗಿ ತಂದು ಕೂರಿಸಿದ್ದ!

“ಇವಳಿಗೆ ಇನ್ನೇನು ಬಸಿರು ಅಂತ ಎಲ್ಲರೂ ಅಂದ್ರು. ಎರಡು ವರ್ಷಕ್ಕ ನಿಂತೇಬಿಡ್ತು ನೋಡ್ರಿ,” ಎಂದು ಓಬಕ್ಕ ನನ್ನತ್ತ ನೋಡಿ ನಗುತ್ತಾಳೆ. ಆ ನಗು ಬಹಳ ಹೊತ್ತು ಉಳಿಯುವುದಿಲ್ಲ. ಹೊಟ್ಟೆ ಬೆಳೆದಂತೆ ಆ ಬಾಯಿಯೂ ಹಿಗ್ಗಿತು. ಹಳೆಯ ಬುರುಡೆ ಕೂರದೆ ಒಂಬತ್ತು ತಿಂಗಳಲ್ಲಿ ಮೂರು ಹೊಸ ಬುರುಡೆ ಕೊರೆದಳು. ತೋರಿಸಲು ಹೋದಾಗ ಡಾಕ್ಟರಮ್ಮ ಅತ್ತೆ ಚೌಡಕ್ಕನನ್ನು ಎದುರಿಗೆ ಕೂರಿಸಿಕೊಂಡು ತೆಲುಗಿನಲ್ಲಿ ಎರಡೆರಡು ಸಲ ಹೇಳಿದ್ದರು: “ಕಡುಪು ಮೀದ ಏಮೀ ಬಿಗಿಂಚೊದ್ದು.” ಹೊಟ್ಟೆಯ ಮೇಲೆ ಏನೂ ಬಿಗಿಯಬೇಡಿ ಎಂದು. ಚೌಡಕ್ಕನಿಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಕೂಸು. ಮೂರನೆಯ ದಿನ ಚೌಡಕ್ಕ ಬುರುಡೆ ಬಿಚ್ಚಿ ಎಸೆದಳು. ಅರಿಶಿನ ಮೆತ್ತಿ, ಬಟ್ಟೆಯ ಉಂಡೆ ಇಟ್ಟು, ಸೀರೆಯಿಂದ ಬಿಗಿದು ಕಟ್ಟಿದಳು. ದ್ವೇಷದಿಂದಲ್ಲ. ಹಸಿ ಬಾಣಂತಿಯ ಮೈ ಬೇಗ ಕೂಡುತ್ತದೆ, ಇದೇ ಸಮಯದಲ್ಲಿ ಕಟ್ಟಿದರೆ ಆ ಬಾಯಿಯೂ ಕೂಡಿಕೊಂಡು ಸೊಸೆ ಎಲ್ಲರಂತಾಗುತ್ತಾಳೆ ಎಂಬ ಆಸೆಯಿಂದ. ಆ ಆಸೆಗೆ ಬೆಂಕಿ ಬಿತ್ತು. ಎರಡು ದಿನದಲ್ಲಿ ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಓಬಕ್ಕನನ್ನು ಮತ್ತೆ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದರು. ಮತ್ತೆ ಕೊಯ್ದರು, ಮತ್ತೆ ಮೂರು ತಿಂಗಳು.

“ಬಿಚ್ಚತ್ತಿ, ಬಿಚ್ಚತ್ತಿ ಅಂತ ಕೈ ಮುಗಿದೆ. ತಡಕೋ ಮಗಳ, ಕೂಡತೈತಿ ಅಂದ್ಲು. ನನ್ನ ಮಗ್ಗುಲಾಗ ಕುಂತು ಅಳ್ತಿದ್ಲು ಆಕಿನೂ. ಯಾರನ್ನ ಬೈಲಿ ಹೇಳ್ರಿ?”

ಆ ಮೂರು ತಿಂಗಳು ಕೂಸಿಗೆ ಮೊಲೆಯೂಡಿದವಳು ತಿಪ್ಪಕ್ಕ. ಅವಳ ಗಂಡುಕೂಸು ಆಗಷ್ಟೇ ತೀರಿಕೊಂಡಿತ್ತು. ಓಬಕ್ಕ ಮರಳಿ ಬಂದು ಕೈ ಚಾಚಿದರೆ ಮಗು ಚೀರಿ ತಿಪ್ಪಕ್ಕನ ಎದೆಗೆ ಮುಖ ಒತ್ತಿತು. ಆ ಹೊಲಸಿನ ಮಗ್ಗುಲಲ್ಲಿ ಕೂಸು ಮಲಗುವುದು ಬೇಡವೆಂದು ಉಜ್ಜಿನಪ್ಪ ಹಿತ್ತಲಿನಾಚೆ ಇವಳಿಗೊಂದು ಗುಡಿಸಲು ಹಾಕಿಕೊಟ್ಟ. ಎಂಥ ಧರ್ಮಾತ್ಮ! ಊರಿನ ಮುದಿ ಸೂಲಗಿತ್ತಿ ಕೆಂಪಕ್ಕ ಇವಳನ್ನು ಕೆಲಸಕ್ಕೆ ಜೊತೆಗೆ ಕರೆದೊಯ್ಯತೊಡಗಿದಾಗ ಊರು ಬೇಡವೆನ್ನಲಿಲ್ಲ. ಹೆರಿಗೆಮನೆ ಹೇಗೂ ಸೂತಕದ ಮನೆ, ಅಲ್ಲಿಗೆ ಇವಳಾದರೂ ನಡೆಯುತ್ತದೆ. ಈ ಊರಿನ ನ್ಯಾಯ ಕೇಳಿದರೆ ಮೈ ಉರಿಯುತ್ತದೆ.

ಮಗಳು ಪಾಲಮ್ಮನಿಗೆ ಈಗ ಹತ್ತೊಂಬತ್ತು. ಹೆತ್ತವಳು ಯಾರೆಂದು ಗೊತ್ತಿದ್ದೂ ಊರವರಂತೆ ‘ಓಬಕ್ಕ’ ಎನ್ನುತ್ತಾಳೆ. ಚೊಚ್ಚಲ ಹೆರಿಗೆಗೆಂದು ತವರಿಗೆ, ಅಂದರೆ ತಿಪ್ಪಕ್ಕನ ಮನೆಗೆ, ಬಂದು ತಿಂಗಳಾಯಿತು. ಹೆರಿಗೆಗೆ ರಾಯದುರ್ಗದಿಂದ ಬೇರೆ ಸೂಲಗಿತ್ತಿ ಬರುತ್ತಾಳಂತೆ. ಮೊದಲ ಕೂಸು, ಇವಳ ಕೈ ತಾಗಬಾರದಂತೆ.

ಸುಂಕಪ್ಪನ ಮನೆಯಿಂದ ಹಿಂದಿರುಗುವಾಗ ಬಾವಿಯ ಹತ್ತಿರ ಪಾಲಮ್ಮ ಎದುರಾಗುತ್ತಾಳೆ. ಕೊಡ ಎಡಗಂಕುಳಲ್ಲಿದೆ. ಓಬಕ್ಕ ದಾರಿ ಬಿಟ್ಟು ನಿಂತು, ಅವಳ ನಡಿಗೆಯನ್ನೇ ನೋಡುತ್ತಾಳೆ.

“ಕೂಸು ಕೆಳಗ ಇಳದೈತಿ. ಇನ್ನು ಹದಿನೈದು ದಿನ ಇಲ್ರಿ,” ಎನ್ನುತ್ತಾಳೆ ಮೆಲ್ಲಗೆ. ಎದುರು ಹೋಗಿ ಹೇಳಬಾರದೇ ಎಂದು ನಾನು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾಳೆ.

ಪಾಲಮ್ಮ ತಿರುವು ದಾಟಿ ಮರೆಯಾಗುತ್ತಾಳೆ. ಓಬಕ್ಕ ಸೊಂಟದ ಬುರುಡೆಯನ್ನು ಸರಿಪಡಿಸಿಕೊಂಡು ಹೆಜ್ಜೆ ಹಾಕುತ್ತಾಳೆ.

“ಅವ್ವ ಅನ್ನೋದು ಬ್ಯಾಡ್ರಿ. ರಾಯದುರ್ಗದಾಕಿನ ಹೆರಿಗಿ ಮಾಡಿಸ್ಲಿ, ಕೂಸನ್ನೂ ನಾನು ಮುಟ್ಟಂಗಿಲ್ಲ. ಹೊಟ್ಟಿ ಕಟ್ಟೋದೊಂದು ನನಗ ಬಿಡ್ಲಿ. ಎರಡು ಬೆರಳು ಸಡಿಲ ಬಿಟ್ಟು ಕಟ್ತೀನಿ. ನನಗ ಯಾರೂ ಬಿಡ್ಲಿಲ್ರಿ.”