ಪಶ್ಚಿಮದ ಗೋಡೆ ಯಾರದು

ಮೂರು ವರ್ಷದ ಹಿಂದಿನ ಮಾತು. ಬೈಲಹೊಂಗಲದ ನೋಂದಣಿ ಕಚೇರಿಯ ಎದುರು ನಾನು ಬಾಂಡ್ ರೈಟರ್ ಆಗಿ ಟೇಬಲ್ ಹಾಕಿಕೊಂಡ ಎರಡನೇ ಬೇಸಿಗೆ. ಮನೆ ಕೊಳ್ಳುವವರು, ಮಾರುವವರು ಬಂದು ಕೇಳುವ ಪ್ರಶ್ನೆಗಳು ಐದೋ ಆರೋ, ಅಷ್ಟೇ. "ಉತಾರದಾಗ ನನ್ನ ಹೆಸರೈತಿ, ಮನಿ ನಂದ ಆತಲ್ಲರೀ?" ಆಗಲಿಲ್ಲ, ಉತಾರ ತೆರಿಗೆ ಕಟ್ಟುವವರ ಹೆಸರು ಹೇಳುತ್ತದೆ, ಒಡೆತನ ಹೇಳುವುದು ನೋಂದಣಿಯಾದ ಪತ್ರ. "ಸಂಚಕಾರ ಕೊಟ್ಟೇನಿ, ಸಾಕಲ್ಲ?" ಸಾಲದು, ಸಂಚಕಾರ ಎಂದರೆ ಮುಂಗಡ, ಬರೀ ಮಾತು, ಖರೀದಿ ಪತ್ರ ಆಗಬೇಕು. "ಇಸಿ ಸ್ವಚ್ಛ ಐತಿ, ಇನ್ನೇನ ನೋಡೂದೈತಿ?" ಇಸಿ ಎಂದರೆ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ನೋಂದಣಿಯಾಗದ್ದು ಅದರಲ್ಲಿ ಕಾಣುವುದೇ ಇಲ್ಲ. ಇದನ್ನೇ ದಿನಕ್ಕೆ ಹತ್ತು ಸಲ ಹೇಳಿ ನಾಲಿಗೆ ಸವೆದಿತ್ತು. ಬೇಸರ ಕಳೆಯಲು ನಾನು ಬೇರೆಯವರ ದನಿ ಕದಿಯಲು ಶುರು ಮಾಡಿದೆ. ನೋಂದಣಿ ಸಾಹೇಬರ ಮೂಗಿನ ದನಿ, ಧಾರವಾಡ ಬಸ್ಸಿನ ಕಂಡಕ್ಟರ್, ಎಪಿಎಂಸಿಯಲ್ಲಿ ಹರಾಜಿನ ಸವಾಲು ಕೂಗುವವರು, ಎಲ್ಲರೂ ನನ್ನ ಗಂಟಲಿನಲ್ಲಿದ್ದರು. ನನ್ನ ಸ್ವಂತ ದನಿ ಶೀತವಾದ ಮೇಕೆಯದು. ಅದನ್ನು ಕೇಳಲು ಯಾರೂ ಬರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ರಾಜೇಸಾಬ ಬಂದ. ಹದಿನೆಂಟು ವರ್ಷ ಕಿತ್ತೂರಿನ ಹೆದ್ದಾರಿಯಲ್ಲಿ ಲಾರಿ ಓಡಿಸಿ, ಈಗ ಊರೊಳಗೆ ಗಂಗವ್ವ ಎಂಬಾಕೆಯ ಹಳೆಯ ಮಣ್ಣಿನ ಮಾಳಿಗೆಯ ಮನೆ ಕೊಳ್ಳುತ್ತಿದ್ದ. ಕೆಡವಿ ಸ್ಲ್ಯಾಬ್ ಹಾಕುವ ಆಸೆ. ಗಂಗವ್ವ ಸಂಗೊಳ್ಳಿಯಲ್ಲಿ ಹೊಲದ ಹತ್ತಿರ ಮನೆ ಮಾಡಿಕೊಂಡಿದ್ದಳು. ಸಾಕ್ಷಿಗೆ ಬಂದವರಲ್ಲಿ ಒಬ್ಬರು ಪಶ್ಚಿಮದ ಪಕ್ಕದ ಮನೆಯ ರಾಚಪ್ಪ ಕಾಕಾ, ಹಿಟ್ಟಿನ ಗಿರಣಿಯವರು.

ಆಸ್ತಿಯ ನಾಲ್ಕು ದಿಕ್ಕಿಗೆ ಏನಿದೆ ಎಂದು ಬರೆಯುವುದಕ್ಕೆ ಚಕ್ಕುಬಂದಿ ಅನ್ನುತ್ತಾರೆ. ಅದನ್ನು ಹಳೆಯ ಪತ್ರದಿಂದ ಇಳಿಸಬೇಕು. ಹಳೆಯ ಪತ್ರ ಕೈಬರಹದ್ದು, ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ನಾನು ಉತಾರದ ಪ್ರಿಂಟ್ ನೋಡಿ ಟೈಪ್ ಮಾಡಿದೆ. ಅದು ಕಣ್ಣಿಗೆ ಸುಲಭ.

ಸಹಿಗೆ ಮುಂಚೆ ಪತ್ರವನ್ನು ಎಲ್ಲರಿಗೂ ಓದಿ ಹೇಳಬೇಕು. ಆ ದಿನ ಅದು ಏಳನೇ ಪತ್ರ. ನಾನು ಸವಾಲಿನವರ ದನಿ ತೆಗೆದೆ: "ಪೂರ್ವಕ್ಕ ರಸ್ತೆ, ಒಂದ್ ಸಾರಿ! ಪಶ್ಚಿಮಕ್ಕ ರಾಚಪ್ಪನ ಮನಿ, ಎರಡ್ ಸಾರಿ!"

"ಏ ಮಂಗ್ಯಾ, ನನ್ನ ಸವಾಲಿಗೆ ಹಚ್ಚಿದೆಲ್ಲೋ!" ಅಂತ ರಾಚಪ್ಪ ಕಾಕಾ ಕಣ್ಣೊರೆಸಿಕೊಂಡರು. ಗಂಗವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ನಗುನಗುತ್ತಲೇ ಸಹಿ, ಹೆಬ್ಬೆಟ್ಟು ಎಲ್ಲ ಮುಗಿಯಿತು.

ಎರಡು ತಿಂಗಳ ಮೇಲೆ ಕಾಕಾ ಮತ್ತೆ ಬಂದರು. ಈ ಸಲ ನಗಲಿಲ್ಲ.

"ಈರಣ್ಣ, ರಾಜೇಸಾಬ ಮನಿ ಕೆಡವಾಕ ಹತ್ಯಾನ. ಬುಧವಾರ ಪಶ್ಚಿಮದ ಗ್ವಾಡಿ ಅಂತ. ನನ್ನ ಮಾಳಿಗಿ ಹೊತ್ತ ಒಂಬತ್ತು ಜಂತಿ ಅದರ ಮ್ಯಾಲ ಕುಂತಾವಲ್ಲೋ! ಕೇಳಿದ್ರ ಕಾಗದ ತೋರಿಸ್ತಾನ. 'ಗ್ವಾಡಿ ನನ್ನ ಅಳತ್ಯಾಗ ಐತಿ, ನೀವ ಸಾಕ್ಷಿ ಹಾಕೀರಿ' ಅಂತಾನ."

ಸಾಕ್ಷಿ ಹಾಕಿದವನು ಪತ್ರದಲ್ಲಿರುವುದಕ್ಕೆಲ್ಲ ಒಪ್ಪಿದ ಹಾಗಲ್ಲ. ಎದುರಿಗೆ ಸಹಿ ಆದದ್ದನ್ನು ನೋಡಿದ್ದಾನೆ, ಅಷ್ಟೇ ಅದರರ್ಥ. ಇದನ್ನು ಕೋರ್ಟು ಹೇಳಲು ವರ್ಷಗಳು ಬೇಕು. ಮಾಳಿಗೆ ಬೀಳಲು ಅರ್ಧ ಗಂಟೆ ಸಾಕು. ಆ ಮಾಳಿಗೆಯ ಕೆಳಗೆ, ಅದೇ ಗೋಡೆಗೆ ತಾಗಿದ ಮಂಚದ ಮೇಲೆ, ಲಕ್ವ ಹೊಡೆದ ಕಾಕಾರ ಹೆಂಡತಿ ಮಲಗಿದ್ದರು.

ಹಳೆಯ ಪತ್ರದ ಝೆರಾಕ್ಸ್ ತೆಗೆದು ನೋಡಿದೆ. "ಪಶ್ಚಿಮಕ್ಕೆ ಸಾಮಾಯಿಕ ಗೋಡೆ, ಅದರಾಚೆ ರಾಚಪ್ಪನ ಮನೆ." ಎರಡೂ ಮನೆಗಳ ಭಾರ ಹೊತ್ತ, ಇಬ್ಬರಿಗೂ ಸೇರಿದ, ಒಬ್ಬರೇ ಕೆಡವಲು ಬಾರದ ಗೋಡೆ. ನಾನು ಬರೆದ ಪತ್ರದಲ್ಲಿ ಆ ಎರಡು ಶಬ್ದ ಇರಲಿಲ್ಲ. ಗಂಗವ್ವನಿಗೆ ಫೋನ್ ಮಾಡಿದರೆ ಆಕೆ, "ಎಲ್ಲಾರಿಗೂ ಗೊತ್ತಿದ್ದದ್ದಪಾ, ಅದನ್ನೇನ ಹೇಳೂದು?" ಅಂದಳು. ಎಲ್ಲರಿಗೂ ಗೊತ್ತಿತ್ತು, ದುಡ್ಡು ಕೊಟ್ಟವನೊಬ್ಬನನ್ನು ಬಿಟ್ಟು.

ಹೇಳಿಬಿಡುತ್ತೇನೆ: ತಪ್ಪನ್ನು ಆಕೆಯ ಹೆಬ್ಬೆಟ್ಟಿನ ಮೇಲೆ ಹಾಕಿ ಪಾರಾಗಬಹುದೇ ಎಂದು ಒಂದು ಕಪ್ ಚಹಾ ಮುಗಿಯುವವರೆಗೆ ಯೋಚಿಸಿದೆ. ಕಾಕಾ ಎದುರಿಗೇ ಕೂತಿದ್ದರು, ಚಹಾ ಮುಟ್ಟಿರಲಿಲ್ಲ. ಎದ್ದು ಅವರ ಜೊತೆ ಹೊರಟೆ.

ರಾಜೇಸಾಬನ ಜಾಗದಲ್ಲಿ ಮೇಲ್ಛಾವಣಿ ಆಗಲೇ ಹೋಗಿತ್ತು. ಅವನು ಮಣ್ಣಿನ ಗುಡ್ಡೆಯ ಮೇಲೆ ಕೂತಿದ್ದ.

"ಬರ್ರಿ ರೈಟರ್ ಸಾಹೇಬ್ರ. ಇವತ್ತ ಯಾರ ದನಿ?"

ನಾನು ಝೆರಾಕ್ಸ್ ಕೊಟ್ಟು, ತಪ್ಪು ನನ್ನದು ಎಂದೆ.

"ಹಂಗಾರ ಗ್ವಾಡಿ ನಂದಲ್ಲ?"

"ಅರ್ಧಾ ನಿಮ್ದು."

"ಅರ್ಧಾ ಗ್ವಾಡಿ ಹೆಂಗ ಕೆಡವತಾರಪಾ? ಪ್ಲ್ಯಾನ್ ಪಾಸ್ ಆಗೇತಿ, ಕಂಬದ ಕಬ್ಬಿಣ ಬಂದು ಬಿದ್ದೈತಿ." ಝೆರಾಕ್ಸ್ ಮಡಚಿ ನನ್ನ ಕೈಗೇ ಕೊಟ್ಟ. "ನೀ ನಗಿಸಿದಿ, ನಾವೂ ನಕ್ಕಿವಿ. ನಾ ಹಿಂಗ ನಗಿಸ್ಕೋತ ಗಾಡಿ ಓಡಿಸಿದ್ರ ಎಷ್ಟ ಮಂದಿ ಸಾಯ್ತಿದ್ರು?"

ಕಾಕಾ ಮೆಲ್ಲಗೆ ಅಂದರು, "ಒಂದೀಟ ಒಳಗ ಬಂದ ನೋಡು ತಮ್ಮಾ." ಅವನು ಹೋದ. ಜಂತಿಗಳನ್ನು ಎಣಿಸಿದನೋ, ಮಂಚ ನೋಡಿದನೋ ತಿಳಿಯದು. ಹೊರಗೆ ಬಂದು ಗೌಂಡಿ ಮೇಸ್ತ್ರಿಗೆ ಒಂದೇ ಮಾತು ಹೇಳಿದ: "ಬುಧವಾರ ಬ್ಯಾಡ."

ನೋಂದಣಿಯಾದ ಪತ್ರವನ್ನು ಬರೆದವನು ತಾನಾಗಿ ತಿದ್ದಲು ಬರುವುದಿಲ್ಲ. ಮಾರಿದವರು, ಕೊಂಡವರು ಇಬ್ಬರೂ ಬಂದು ತಿದ್ದುಪಡಿ ಪತ್ರ ನೋಂದಣಿ ಮಾಡಿಸಬೇಕು. ಗಂಗವ್ವ ಸಂಗೊಳ್ಳಿಯಿಂದ ಎರಡು ಸಲ ಬಂದಳು. ಮೊದಲ ಸಲ ಸರ್ವರ್ ಇರಲಿಲ್ಲ. ಸಾಯಂಕಾಲದವರೆಗೆ ಮೆಟ್ಟಿಲ ಮೇಲೆ ಕೂತು, ನನ್ನನ್ನು ಬಯ್ಯುವ ಶಕ್ತಿಯೂ ಉಳಿಯದೆ ಬಸ್ ಹತ್ತಿದಳು.

ಇಂಥ ಪತ್ರಗಳಲ್ಲಿ ಬರೆಯುವ ಸಾಲು ಎಲ್ಲೆಡೆ ಒಂದೇ: "ಕಣ್ತಪ್ಪಿನಿಂದ ಬಿಟ್ಟುಹೋಗಿರುತ್ತದೆ." ಅಲ್ಲಿಗೆ ಬಂದಾಗ ರಾಜೇಸಾಬ ತಡೆದ.

"ನಾಳೆ ಓದಿದಾವ್ರು, ರಾಜೇಸಾಬ ಪಕ್ಕದಾವ್ರ ಗ್ವಾಡಿ ನುಂಗಾಕ ಹೋಗಿದ್ದ ಅಂತಾರ. ಬಿಟ್ಟಾವ ನೀನು. ನಿನ್ನ ಹೆಸರ ಹಾಕು."

ಹಾಗೆ ಬರೆಯುವ ಪದ್ಧತಿ ಇಲ್ಲ ಎಂದೆ. "ಗ್ವಾಡಿ ಬಿಡೂ ಪದ್ಧತಿ ಐತೇನು?" ಎಂದ. ಟೈಪ್ ಮಾಡಿದೆ: "ದಸ್ತಾವೇಜು ಬರಹಗಾರ ಈರಣ್ಣನು ಹಳೆಯ ಪತ್ರವನ್ನು ಓದದೆ ಬರೆದ ಕಾರಣ." ರಾಚಪ್ಪ ಕಾಕಾ ಚಸ್ಮಾ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಕಾಲು ಗಂಟೆ ತಾವೇ ಓದಿ, ಆಮೇಲೆ ಸಾಕ್ಷಿ ಹಾಕಿದರು. ರಾಜೇಸಾಬ ತನ್ನ ಕಂಬಗಳನ್ನು ಒಂದೂವರೆ ಅಡಿ ಒಳಗೆ ಸರಿಸಿಕೊಂಡ. ಆ ಖರ್ಚನ್ನು ಅವನು ಕೇಳಲಿಲ್ಲ, ಆದರೆ ಆಮೇಲೆ ನನ್ನ ಟೇಬಲ್ಲಿಗೂ ಬರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಯಾರೂ ಕೇಳದ ಒಂದು ಪ್ರಶ್ನೆ. ಉತಾರ, ಇಸಿ, ಸಂಚಕಾರ ಎಲ್ಲ ಆದ ಮೇಲೆ ನಾನೇ ಕೇಳುತ್ತೇನೆ: ಈ ಮನೆಯ ಮೇಲೆ ಇನ್ನು ಯಾರ ಮನೆ ಕೂತಿದೆ? ಗೋಡೆ, ಹಾದಿ, ಮಳೆನೀರು ಹರಿಯುವ ಜಾಗ, ಎಲ್ಲರಿಗೂ ಗೊತ್ತು ಎಂದು ಹೇಳದೆ ಬಿಟ್ಟದ್ದು ಏನಿದೆ? ಜನ ಬೇಸರಪಡುತ್ತಾರೆ. ಒಮ್ಮೊಮ್ಮೆ ರೇಗಿ, "ನೀವ ಬರದದ್ದು ತಪ್ಪಿದ್ರ ಏನ್ರಿ?" ಎಂದು ಕೇಳುವವರೂ ಇದ್ದಾರೆ. ಅವರಿಗೆ ಆ ತಿದ್ದುಪಡಿ ಪತ್ರದ ನಂಬರ್ ಬರೆದು ಕೊಡುತ್ತೇನೆ. ಫೀ ಕಟ್ಟಿದರೆ ಎದುರಿನ ಕಚೇರಿಯಲ್ಲೇ ನಕಲು ಸಿಗುತ್ತದೆ.