ಹಾಲ್‌ನಲ್ಲೊಂದು ಬಾಣಂತನ

ಇತ್ತೀಚೆಗೆ ನಮ್ಮ ಮನೆಯಲ್ಲಿ ಎರಡು ಬಾಣಂತನ ಒಟ್ಟಿಗೆ ನಡೆದವು. ಒಂದು ಒಳಗಿನ ಕೋಣೆಯಲ್ಲಿ, ನನ್ನ ಮಗಳು ಶ್ವೇತಾಳದ್ದು. ಇನ್ನೊಂದು ಹಾಲ್‌ನಲ್ಲಿ, ಗಾಜಿನ ತೊಟ್ಟಿಯೊಳಗೆ, ಒಂದು ಜೋಡಿ ಡಿಸ್ಕಸ್ ಮೀನಿನದ್ದು.

ಒಳಗಿನದಕ್ಕೆ ನನ್ನ ಹೆಂಡತಿ ಜಯ ಇನ್‌ಚಾರ್ಜ್. ಹೊರಗಿನದಕ್ಕೆ ನಾನು. ಒಬ್ಬರ ಡಿಪಾರ್ಟ್‌ಮೆಂಟಿಗೆ ಇನ್ನೊಬ್ಬರು ತಲೆ ಹಾಕುವಂತಿರಲಿಲ್ಲ.

ನನ್ನ ಮೀನಿನ ಹುಚ್ಚು ಈ ಅಂಕಣ ಓದುವವರಿಗೆ ಹೊಸದಲ್ಲ. ಹೊಸಬರಿಗಾಗಿ ಎರಡು ಮಾತು. ತಿಪಟೂರಿನಲ್ಲಿ ನನ್ನದೊಂದು ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ. ಹಗಲೆಲ್ಲ ಸುಟ್ಟುಹೋದ ಮೋಟರ್‌ಗಳ ತಂತಿ ಬಿಚ್ಚುವುದು, ಹೊಸ ತಂತಿ ಸುತ್ತುವುದು. ಸಂಜೆ ಮನೆಗೆ ಬಂದರೆ ಅಕ್ವೇರಿಯಂ ಮುಂದೆ ಕೂರುವುದು. ಡಿಸ್ಕಸ್ ಎಂದರೆ ರಾಗಿರೊಟ್ಟಿ ತಟ್ಟಿ ನೀರಿನಲ್ಲಿ ನಿಲ್ಲಿಸಿದ ಹಾಗೆ ದುಂಡಗೆ, ಚಪ್ಪಟೆಯಾಗಿರುವ ಮೀನು. ಮೂಲತಃ ಅಮೆಜಾನ್ ನದಿಯ ಕಡೆಯದು. ಬಲು ನಾಜೂಕಿನ ಪ್ರಾಣಿ. ನೀರು ಸದಾ ಬೆಚ್ಚಗಿರಬೇಕು, ಮೆದುವಾಗಿರಬೇಕು, ದಿನದಿನವೂ ಬದಲಾಗುತ್ತಿರಬೇಕು.

ನಮ್ಮೂರ ಬೋರ್ ನೀರೋ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂಥದ್ದು. ಅದರಲ್ಲಿ ಡಿಸ್ಕಸ್ ಹೇಗೋ ಬದುಕಿಕೊಂಡೀತು, ಮರಿ ಮಾಡುವುದು ಕಷ್ಟ. ಹಾಗಾಗಿ ನಾನು ಮಳೆನೀರು ಹಿಡಿದಿಟ್ಟು, ಫಿಲ್ಟರ್ ನೀರು ಬೆರೆಸಿ, ಒಣಗಿದ ಕಾಡುಬಾದಾಮಿ ಎಲೆ ನೆನೆಹಾಕಿ ಏನೇನೋ ಸರ್ಕಸ್ ಮಾಡುತ್ತೇನೆ. ("ಎಳನೀರೇ ಹುಯ್ದುಬುಡಿ ಸ್ವಾಮಿ, ನಮ್ಮೂರಲ್ಲಿ ಅದುಕ್ಕೇನು ಬರ" ಎಂದು ಪಕ್ಕದ ಅಂಗಡಿಯವರು ಸಲಹೆ ಕೊಟ್ಟಿದ್ದಾರೆ. ಇನ್ನೂ ಪ್ರಯತ್ನಿಸಿಲ್ಲ.)

ಈ ಜೋಡಿ ಹಿಂದೆ ಎರಡು ಸಲ ಮೊಟ್ಟೆ ಇಟ್ಟಿತ್ತು. ಎರಡು ಸಲವೂ ಗಂಡಹೆಂಡಿರಿಬ್ಬರೂ ಸೇರಿ ತಮ್ಮ ಮೊಟ್ಟೆಯನ್ನು ತಾವೇ ತಿಂದು ಮುಗಿಸಿದ್ದರು. ಶ್ವೇತಾಳನ್ನು ಆಸ್ಪತ್ರೆಯಿಂದ ಕರೆತಂದ ಸ್ವಲ್ಪ ದಿನಕ್ಕೆ ಮೂರನೇ ಸಲ ಮೊಟ್ಟೆ ಬಿತ್ತು. ತೊಟ್ಟಿಯಲ್ಲಿ ಬೋರಲು ಹಾಕಿದ್ದ ಮಣ್ಣಿನ ಕುಡಿಕೆಯ ಮೇಲೆ, ಸಾಸಿವೆಗಿಂತ ಸಣ್ಣದಾಗಿ, ಸಾಲಾಗಿ. ಈ ಸಲ ಯಾಕೋ ತಿನ್ನಲಿಲ್ಲ. ಎರಡೂ ಸೇರಿ ರೆಕ್ಕೆಯಲ್ಲಿ ಮೊಟ್ಟೆಗೆ ನೀರು ಬೀಸುತ್ತ ಕಾದವು. ಮರಿಗಳಾದವು.

ಡಿಸ್ಕಸ್ ಮರಿಗಳಿಗೆ ಮೊದಮೊದಲ ದಿನಗಳಲ್ಲಿ ನಾವು ಏನು ಹಾಕಿದರೂ ಹಿಡಿಸುವುದಿಲ್ಲ. ದೊಡ್ಡ ಮೀನುಗಳ ಮೈಮೇಲೆ ಒಂದು ಬಗೆಯ ಲೋಳೆ ಒಸರುತ್ತದೆ. ಮರಿಗಳು ಮೈಗೆ ಮುತ್ತಿಕೊಂಡು ಅದನ್ನೇ ತಿನ್ನುತ್ತವೆ. ಅವಕ್ಕೆ ಅದೇ ಎದೆಹಾಲು. ವಿಶೇಷವೆಂದರೆ ಲೋಳೆ ತಾಯಿಯ ಮೈಮೇಲಷ್ಟೇ ಅಲ್ಲ, ತಂದೆಯ ಮೈಮೇಲೂ ಬರುತ್ತದೆ. ಒಂದಕ್ಕೆ ಸಾಕಾದಾಗ ಮೈಯನ್ನೊಮ್ಮೆ ಜಾಡಿಸುತ್ತದೆ. ಮರಿಗಳ ಗುಂಪು ಪಕ್ಕದಲ್ಲಿ ನಿಂತಿರುವ ಇನ್ನೊಂದರ ಮೈಗೆ ಹೋಗುತ್ತದೆ.

ಇದನ್ನೆಲ್ಲ ನನಗಿಂತ ಹೆಚ್ಚು ಶ್ರದ್ಧೆಯಿಂದ ನೋಡಿದವರು ನನ್ನ ಅಳಿಯ ಪ್ರಕಾಶ್. ತುರುವೇಕೆರೆಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸ್ಕೂಲು ಬಿಟ್ಟ ಮೇಲೆ ಬೈಕಿನಲ್ಲಿ ಬರುತ್ತಿದ್ದರು. ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿಲ್ಲ ಎಂಬುದು ಜಯಳ ಕಾನೂನು. ಅಳಿಯಂದಿರು ಬಾಗಿಲಲ್ಲಿ ನಿಂತು ಮಗುವಿನ ಮುಖ ನೋಡಿ, ಹೆಂಡತಿಯನ್ನು "ಊಟ ಆಯ್ತಾ" ಎಂದು ಕೇಳಿ, ಹಾಲ್‌ಗೆ ಬಂದು ಕೂರುತ್ತಿದ್ದರು. ಇನ್ನೇನು ಮಾಡುತ್ತಾರೆ? ಮೀನು ನೋಡುತ್ತಿದ್ದರು. ತೊಟ್ಟಿಯ ಥರ್ಮಾಮೀಟರ್ ಓದಿ ಹೇಳುವುದು ಅವರ ಕೆಲಸವಾಯಿತು. ಹೆಂಡತಿಗೆ ನಿದ್ದೆ ಬರುತ್ತಿದೆಯೇ ಎಂದು ಹೇಳುವವರು ಅವರಿಗೆ ಯಾರೂ ಇರಲಿಲ್ಲ.

ಒಳಗೆ ಜನವೋ ಜನ. ಹೆರಿಗೆಯಾದ ಮನೆ ಎಂದರೆ ಕೇಳಬೇಕೇ? ಬಂದವರು ಮಗುವಿನ ಮೂಗು ಯಾರ ಹಾಗಿದೆ ಎಂದು ತೀರ್ಮಾನಿಸುತ್ತಿದ್ದರು. ಆಮೇಲೆ ಶ್ವೇತಾಳ ಕಡೆ ತಿರುಗಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ. "ಹಾಲು ಬತ್ತೈತಾ?"

ಜಯಳ ಅಕ್ಕ ರತ್ನಕ್ಕ ಚಿಕ್ಕನಾಯಕನಹಳ್ಳಿಯಿಂದ ಬಂದವರು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಕೈಕಾಲು ಸವರಿ ನೋಡಿದರು.

"ಯಾಕೋ ಸೊರಗ್ದಂಗೈತೆ ಕಣೇ ಜಯ. ಇವ್ಳು ಸರ್ಯಾಗಿ ಕುಡಿಸ್ತಾವ್ಳೋ ಇಲ್ವೋ."

"ಕುಡಿಸ್ತಾಳೆ ಕಣಕ್ಕ. ಹಾಲೇ ಕಮ್ಮಿ."

"ಮನಸ್ಸಿಟ್ಟು ಕುಡ್ಸುದ್ರೆ ಯಾಕ್ ಬರಲ್ಲ? ನಾವೆಲ್ಲ ಹೆರಲಿಲ್ವಾ?"

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ರತ್ನಕ್ಕ ಬರುವಾಗ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮನೆಯಲ್ಲೇ ಮಾಡಿದ ಮೆಂತ್ಯದ ಲಡ್ಡು ಎಲ್ಲ ಹೊತ್ತು ತಂದಿದ್ದರು. ಈ ಮಾತು ನಡೆಯುವಾಗ ಶ್ವೇತಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಅಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದಳು. ಕಿವಿಗೆ ಬಟ್ಟೆ ಕಟ್ಟಿದರೆ ಗಾಳಿ ಹೋಗುವುದಿಲ್ಲ. ಮಾತು ಹೋಗುವುದಿಲ್ಲವೇ?

ಒಂದು ಮಧ್ಯಾಹ್ನ. ಜಯ ಮಾರ್ಕೆಟ್ಟಿಗೆ ಹೋಗಿದ್ದಳು. ನಾನು ನೀರು ಬದಲಿಸಲೆಂದು ಅಂಗಡಿಯಿಂದ ಬಂದಿದ್ದೆ. ತೊಟ್ಟಿಗೆ ಪೈಪು ಇಳಿಬಿಟ್ಟು ಬಕೆಟ್ಟಿಗೆ ನೀರು ಎಳೆಯುತ್ತಿದ್ದೆ. ಹಿಂದೆ ಹೆಜ್ಜೆ ಸದ್ದಾಯಿತು. ಶ್ವೇತಾ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಮಗು ಒಳಗೆ ಮಲಗಿತ್ತು. ಬಾಣಂತಿ ತಣ್ಣನೆಯ ನೆಲದ ಮೇಲೆ ಕೂರಬಾರದು ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಪೈಪಿನ ಕಡೆ ತಿರುಗಿದೆ.

ಅವಳು ತೊಟ್ಟಿಯ ಕಡೆ ಬೆರಳು ತೋರಿಸಿದಳು.

"ಅಪ್ಪ, ಅದ್ಯಾಕೆ ಮೂಲೇಲಿ ನಿಂತೈತೆ?"

ಫಿಲ್ಟರಿನ ಹಿಂದೆ ತಾಯಿ ಮೀನು ನಿಂತಿತ್ತು. ಡಿಸ್ಕಸ್‌ಗೆ ಕಷ್ಟವಾದರೆ ಮೈಬಣ್ಣ ಕಪ್ಪಿಡುತ್ತದೆ. ಅದು ಪೂರ್ತಿ ಕಪ್ಪಾಗಿತ್ತು. ರೆಕ್ಕೆಯ ಅಂಚು ಚಿಂದಿಯಾಗಿತ್ತು.

"ಅದು ತಾಯಿ ಕಣವ್ವ. ಮರಿಗಳು ಭಾಳ ಕಚ್ತಾವೆ. ತಡಕೊಳ್ಳಕ್ಕಾಗ್ದೆ ಹೋಗಿ ನಿಂತೈತೆ."

"ಮರಿ ಬುಟ್ಟು?"

"ಹೂಂ. ಗಂಡು ನೋಡ್ಕೊಂತಾ ಐತಲ್ಲ, ಅಲ್ಲಿ ನೋಡು."

ಈಚೆ ಬದಿಯಲ್ಲಿ ಗಂಡು ಮೀನಿನ ಮೈತುಂಬ ಮರಿಗಳು ನೇತಾಡುತ್ತಿದ್ದವು. ಅದು ಅಲುಗಾಡದೆ ನಿಂತಿತ್ತು.

ಶ್ವೇತಾ ನಿಧಾನವಾಗಿ ಕೇಳಿದಳು. "ಅದುನ್ನ ಯಾರೂ ಏನೂ ಅನ್ನಲ್ಲ ಅಲ್ವಾ ಅಪ್ಪ? ಆ ಹೆಣ್ಣನ್ನ?"

ನನ್ನ ಕೈಯಲ್ಲಿ ಪೈಪು ಇತ್ತು. ಬಕೆಟ್ ತುಂಬಿ ನೀರು ನೆಲಕ್ಕೆ ಹರಿಯತೊಡಗಿದ್ದು ನನಗೆ ಗೊತ್ತಾಗಲಿಲ್ಲ.

"ನಂಗೆ ಪಾಪುನ ಎತ್ಕೊಳ್ಳೋಕೇ ಭಯ ಆಗುತ್ತೆ. ಅದು ಅಳಕ್ ಶುರು ಮಾಡಿದ್ರೆ ಎದ್ದು ಎಲ್ಲಾದ್ರೂ ಹೊರಟೋಗಣ ಅನ್ಸುತ್ತೆ. ಅದು ಮಲಗಿದ್ರೂ ನಂಗೆ ನಿದ್ದೆ ಬರಲ್ಲ. ನಾನು ಕೆಟ್ಟೋಳಾ ಅಪ್ಪ?"

"ಇಲ್ಲ ಕಣವ್ವ" ಎಂದೆ. ಪೈಪು ಬಿಟ್ಟು, ಒದ್ದೆ ಕೈಯಲ್ಲೇ ಅವಳ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ಒಳಗೆ ಮಗು ಎದ್ದು ಅಳತೊಡಗಿತು. ಶ್ವೇತಾ ಏಳಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ನಾನೇ ಎದ್ದು ಹೋದೆ. ಜಯಳ ಕಾನೂನು ಮುರಿದು ಆ ಕೋಣೆಗೆ ಕಾಲಿಟ್ಟೆ. ಸಾಂಬ್ರಾಣಿ ಹೊಗೆಯ ವಾಸನೆ, ಮುಚ್ಚಿದ ಕಿಟಕಿ, ಕತ್ತಲು. ಹೊರಗಿನವನಿಗೆ ಒಂದು ನಿಮಿಷಕ್ಕೇ ಉಸಿರು ಕಟ್ಟುವಂತಿತ್ತು. ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ಹಾಲ್‌ಗೆ ಬಂದೆ.

ಅದೇ ಹೊತ್ತಿಗೆ ಜಯ ಬಾಗಿಲು ತೆರೆದಳು. ಕಂಡದ್ದೇನು? ಹಾಲ್ ತುಂಬ ನೀರು. ಗಂಡನ ಭುಜದ ಮೇಲೆ ಅಳುವ ಕೂಸು. ಬಾಣಂತಿ ಒದ್ದೆ ನೆಲದ ಮೇಲೆ.

"ಏನ್ರೀ ಇದು? ಅವ್ಳನ್ನ ಹಿಂಗೆ ಕೂರ್ಸಿದೀರಲ್ಲ, ನಿಮ್ ಮೀನಿನ್ ಮನೆ..."

ಮಾತು ಅರ್ಧಕ್ಕೇ ನಿಂತಿತು. ಮಗಳ ಮುಖ ಕಂಡಿತ್ತು. ಬ್ಯಾಗು ಅಲ್ಲೇ ಇಟ್ಟು, ಸೀರೆ ಒದ್ದೆಯಾಗುವುದನ್ನೂ ಲೆಕ್ಕಿಸದೆ ಪಕ್ಕ ಕೂತಳು. ಶ್ವೇತಾಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಗಳು ಅತ್ತಳು. ಅಲ್ಲಿಯವರೆಗೆ ತಡೆದಿದ್ದನ್ನೆಲ್ಲ ಅತ್ತಳು.

ಸ್ವಲ್ಪ ಹೊತ್ತಾದ ಮೇಲೆ ಜಯ, ಮಗಳ ತಲೆ ಸವರುತ್ತ, ಮೆಲ್ಲಗೆ ಹೇಳಿದಳು. "ನಂಗೂ ಹಿಂಗೇ ಆಗಿತ್ತು ಕಣೇ, ನೀನು ಹುಟ್ದಾಗ. ನಿನ್ನ ಮುಖ ನೋಡೋಕೂ ಬೇಜಾರು. ಯಾರತ್ರ ಹೇಳಾನ? ಹಂಗೇ ತಳ್ಳಿಬುಟ್ಟೆ. ಎಲ್ಲಾರ್ಗೂ ಆಗೋದೇ, ನಿಂಗೂ ಹೋಯ್ತದೆ ಅನ್ಕಂಡಿದ್ದೆ."

ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಮೂವರೂ ಮಗುವನ್ನು ಎತ್ತಿಕೊಂಡು ಹೆರಿಗೆ ಮಾಡಿಸಿದ ಲೇಡಿ ಡಾಕ್ಟರ್ ಬಳಿ ಹೋದೆವು. ಅವರು ನಮ್ಮನ್ನು ಹೊರಗೆ ಕೂರಿಸಿ ಶ್ವೇತಾಳೊಬ್ಬಳನ್ನೇ ಒಳಗಿಟ್ಟುಕೊಂಡು ಮಾತಾಡಿಸಿದರು. ಆಮೇಲೆ ನಮ್ಮನ್ನು ಕರೆದರು.

"ಹೆರಿಗೆ ಆದ್ಮೇಲೆ ಮನಸ್ಸು ಹೀಗೆ ಕುಸಿಯೋದುಂಟು. ಹೆದರಬೇಡಿ, ಅಸಡ್ಡೆನೂ ಮಾಡಬೇಡಿ. ಇವರಿಗೆ ಮೊದಲು ನಿದ್ದೆ ಬೇಕು. ಹಾಲು ಸಾಲದಿದ್ರೆ ಏನು ಕೊಡಬೇಕು ಅಂತ ನಾನು ಹೇಳ್ತೀನಿ, ಅದು ಇವರ ತಪ್ಪಲ್ಲ. ಮುಂದಿನ ವಾರ ಕರ್ಕೊಂಡು ಬನ್ನಿ. ಅಷ್ಟರಲ್ಲಿ ಸುಧಾರಿಸದಿದ್ರೆ ಔಷಧಿ ಶುರು ಮಾಡೋಣ." ಹೀಗೆಂದು ಸುತ್ತ ನೋಡಿದರು. "ಗಂಡ ಎಲ್ಲಿ?"

ಗಂಡ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಸಂಜೆ ಬಂದಾಗ ಎಲ್ಲವನ್ನೂ ಹೇಳಿದೆವು. ಪ್ರಕಾಶ್ ತಲೆ ತಗ್ಗಿಸಿ ಕೇಳಿಸಿಕೊಂಡರು.

"ಮಾವ, ನಾನು ಇಲ್ಲೇ ಇರ್ತೀನಿ. ಇಲ್ಲಿಂದಾನೇ ಸ್ಕೂಲಿಗೆ ಹೋಗ್ಬತ್ತೀನಿ" ಎಂದರು. ಆಮೇಲೆ ಜಯಳ ಕಡೆ ತಿರುಗಿ, "ಅತ್ತೆ, ನಾನು ಒಳಗೆ ಹೋಗಬಹುದಾ?" ಎಂದು ಕೇಳಿದರು.

ಜಯ ಬಾಗಿಲಿಂದ ಪಕ್ಕಕ್ಕೆ ಸರಿದಳು. ಆ ದಿನವೇ ಕಿಟಕಿಯೂ ತೆರೆಯಿತು.

ಮೇಷ್ಟ್ರಿಗೆ ಮಗುವನ್ನು ಹಿಡಿಯಲೇ ಬರುತ್ತಿರಲಿಲ್ಲ. ಉತ್ತರಪತ್ರಿಕೆಯ ಕಟ್ಟು ಹಿಡಿದ ಹಾಗೆ ಎರಡೂ ಕೈ ಚಾಚಿ ಹಿಡಿಯುತ್ತಿದ್ದರು. ಕಲಿತರು. ಕುಡಿಸಿದ ಮೇಲೆ ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಮಗುವನ್ನು ಹೆಗಲಿಗೆ ಹಾಕಿಕೊಂಡು ಮಗ್ಗಿ ಹೇಳುತ್ತ ಹಾಲ್‌ನಲ್ಲಿ ಅಡ್ಡಾಡುವುದು. (ಹದಿಮೂರರ ಮಗ್ಗಿಗೆ ಕೂಸು ಬೇಗ ಮಲಗುತ್ತದೆಂಬುದು ಅವರ ಸಂಶೋಧನೆ.) ಅವರ ತಾಯಿ ಫೋನ್ ಮಾಡಿ, "ಅತ್ತೆ ಮನೇಲಿ ಕೂತ್ಕಂಡು ನೀನ್ಯಾಕಪ್ಪ ಬಾಣಂತನ ಮಾಡ್ತೀಯ" ಎಂದು ಕೇಳಿದರಂತೆ. "ನಂದೂ ಮಗು ತಾನೇ ಅಮ್ಮ" ಎಂದರಂತೆ.

ಆಸ್ಪತ್ರೆಯ ಓಡಾಟದಲ್ಲಿ ನನ್ನ ಇನ್ನೊಂದು ಬಾಣಂತನ ಹಳ್ಳ ಹಿಡಿಯಿತು. ನೀರು ಬದಲಾಗದೆ ಮರಿಗಳು ಬಹಳಷ್ಟು ಸತ್ತವು. ತಾಯಿ ಮೀನನ್ನು ಬೇರೆ ತೊಟ್ಟಿಗೆ ಬಿಟ್ಟು, ನೀರಿಗೆ ಒಂದಿಷ್ಟು ಉಪ್ಪು ಹಾಕಿದೆ. ರೆಕ್ಕೆಯ ಅಂಚು ಮತ್ತೆ ಬೆಳೆಯುತ್ತಿದೆ. ಉಳಿದ ಮರಿಗಳನ್ನು ಗಂಡು ಮೀನೊಂದೇ ಸಾಕಿತು. ಈಗ ಅವು ಹೊರಗಿನ ಆಹಾರ ತಿನ್ನುತ್ತಿವೆ.

ಮೀನನ್ನು ನೋಡಿ ಮನುಷ್ಯರು ಕಲಿಯಬೇಕು ಎಂದು ಹೇಳಲು ನಾನು ಹೊರಟಿಲ್ಲ. ಮೊಟ್ಟೆ ತಿಂದ ಜೋಡಿಯಿಂದ ಕಲಿಯುವುದೇನು? ಶ್ವೇತಾಳಿಗೆ ಬೇಕಾಗಿದ್ದದ್ದು ನೀತಿಪಾಠವೂ ಆಗಿರಲಿಲ್ಲ. ಬೈಯದೆ ಕೇಳಿಸಿಕೊಳ್ಳುವವರು ಬೇಕಾಗಿತ್ತು, ಕಣ್ಣು ಮುಚ್ಚಿ ಮಲಗಲು ಒಂದಿಷ್ಟು ಹೊತ್ತು ಬೇಕಾಗಿತ್ತು.

ಅವಳು ಪೂರ್ತಿ ಸುಧಾರಿಸಿದ್ದಾಳೆ ಎಂದು ಹೇಳಲಾರೆ. ಕೆಲವು ದಿನ ಬೆಳಿಗ್ಗೆಯಿಂದ ಕಣ್ಣು ಒದ್ದೆಯಾಗಿಯೇ ಇರುತ್ತದೆ. ಡಾಕ್ಟರ್ ಸಣ್ಣ ಮಾತ್ರೆಯೊಂದನ್ನು ಕೊಟ್ಟಿದ್ದಾರೆ. ಆದರೆ ಈಗ ಮಗು ಅತ್ತರೆ ಅವಳೇ ಏಳುತ್ತಾಳೆ. ಏಳಲಾಗದಿದ್ದರೆ, "ರೀ, ನಂಗಾಗಲ್ಲ, ನೀವು ನೋಡಿ" ಎನ್ನುತ್ತಾಳೆ. ಹಾಗೆ ಹೇಳಲು ಅವಳಿಗೆ ಈಗ ಭಯವಿಲ್ಲ.

ಮೊನ್ನೆ ರತ್ನಕ್ಕ ಮತ್ತೆ ಬಂದಿದ್ದರು. ಪ್ರಕಾಶ್ ಮಗುವಿನ ಬಟ್ಟೆ ಬದಲಿಸುವುದನ್ನು ಕಾಫಿ ಆರುವ ತನಕ ನೋಡಿದರು.

"ಎಂಥಾ ಅಳಿಯ ಸಿಕ್ದ ಕಣೇ ಜಯ. ಇಂಥೋರು ಎಲ್ಲವ್ರೆ ಈಗ?"

"ದೊಡ್ಡಮ್ಮ, ಆ ಕೆಲ್ಸಾನ ನಾನೂ ಮಾಡ್ತೀನಿ" ಎಂದಳು ಶ್ವೇತಾ. ಬಹಳ ದಿನದ ಮೇಲೆ ಅವಳ ಬಾಯಲ್ಲಿ ನಗು ಕಂಡೆ.

ರತ್ನಕ್ಕ ಅವಳ ಕಡೆ ತಿರುಗಿದರು. ಮಗುವಿಗೆಂದು ಚಾಚಿದ್ದ ಕೈಯನ್ನು ಹಿಂದೆಗೆದುಕೊಂಡು, ಅವಳ ಪಕ್ಕ ಸರಿದು ಕೂತು ಕೇಳಿದರು. "ನೀನೆಂಗಿದೀಯವ್ವ?"

ನೀವು ಕೊನೆಯ ಸಲ ಮಗು ನೋಡಲು ಹೋಗಿದ್ದಿರಲ್ಲ, ಆ ಮಗುವಿನ ತಾಯಿಯ ಮುಖ ಹೇಗಿತ್ತು, ನೆನಪಿದೆಯೇ?